ಅರಸಾಳಿನ ಮಾಲ್ಗುಡಿಯೂ ಬಳ್ಳಾರಿಯ ರಾಘವರೂ

೧

ಒಂದು ಕೃತಿಯನ್ನು ಮೆಚ್ಚಿ ಓದಿದವರಿಗೆ ಆ ಕೃತಿಯ ನೆಲವನ್ನು ಕಣ್ಣಾರೆ ಕಾಣಬೇಕೆಂಬ ಬಯಕೆ ಹುಟ್ಟುವುದು ಸಹಜ. ಕುಪ್ಪಳಿಗೆ ಹೋದವರು ಕುವೆಂಪು ಅವರ ಮನೆಯನ್ನಷ್ಟೇ ನೋಡಿ ತೃಪ್ತರಾಗುವುದಿಲ್ಲ; ಕವಿಶೈಲವನ್ನೇರಿ ಅಲ್ಲಿಂದ ಕಾಣುವ ಕಾಡಿನಲ್ಲಿ ತಾವು ಓದಿದ ಕಾದಂಬರಿಗಳ ಹಾದಿಗಳನ್ನು ಅರಸುತ್ತಾರೆ. ಅಲ್ಲಿ ಅರಸುವುದಕ್ಕೆ ಅರ್ಥವುಂಟು. ಏಕೆಂದರೆ ಆ ನೆಲ ಮೊದಲು ಇತ್ತು, ಕೃತಿ ಅನಂತರ ಬಂತು. ಆದರೆ ಭೂಪಟದಲ್ಲಿ ಎಲ್ಲಿಯೂ ಇಲ್ಲದ ಊರೊಂದರ ವಿಷಯದಲ್ಲಿ ಈ ಬಯಕೆ ಯಾವ ರೂಪವನ್ನು ತಾಳೀತು? ಇಲ್ಲದ ಊರಿಗೆ ನಿಲ್ದಾಣವೊಂದನ್ನು ಕಟ್ಟಿ, ಅದನ್ನು ವಸ್ತುಸಂಗ್ರಹಾಲಯವೆಂದು ಕರೆದರೆ ಅದರಲ್ಲಿ ಸಂಗ್ರಹವಾಗುವ ವಸ್ತು ಯಾವುದು?

ಈ ಪ್ರಶ್ನೆ ನಮಗೆ ಎದುರಾದದ್ದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣದಲ್ಲಿ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ದಾರಿಯಲ್ಲಿ ಕುಂಸಿ ಮತ್ತು ಆನಂದಪುರಂಗಳ ನಡುವೆ ಇರುವ ಈ ಚಿಕ್ಕ ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆಯು ದುರಸ್ತಿ ಮಾಡಿಸಿ, ೨೦೨೦ರಲ್ಲಿ ‘ಮಾಲ್ಗುಡಿ ವಸ್ತುಸಂಗ್ರಹಾಲಯ’ವಾಗಿ ತೆರೆಯಿತು. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗ್ ಅವರು ನಿರ್ದೇಶಿಸಿ, ೧೯೮೬-೮೭ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಸರಣಿಯ ರೈಲು ನಿಲ್ದಾಣದ ದೃಶ್ಯಗಳು ಇಲ್ಲಿ ಚಿತ್ರಿತವಾದುವೆಂಬುದೇ ಈ ಗೌರವಕ್ಕೆ ಕಾರಣ. ಅದು ಚಿತ್ರಮಂದಿರದ ಚಿತ್ರವಲ್ಲ, ದೂರದರ್ಶನದ ಸರಣಿ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಚಿತ್ರಕಲೆಯ ಸಾಮಗ್ರಿಯಿಂದಲೇ ಅದು ನಿರ್ಮಿತವಾದುದರಿಂದಲೂ, ಒಂದು ತಲೆಮಾರಿನ ಮನಸ್ಸಿನಲ್ಲಿ ಅಭಿಜಾತ ಚಿತ್ರವೊಂದರ ಸ್ಥಾನವನ್ನು ಅದು ಪಡೆದಿರುವುದರಿಂದಲೂ, ಅದನ್ನು ಚಿತ್ರಕೃತಿಯೆಂದೇ ಇಲ್ಲಿ ಪರಿಗಣಿಸಿದ್ದೇವೆ.

ಬಳ್ಳಾರಿಯಿಂದ ಅಲ್ಲಿಗೆ ಹೋದ ನಮಗೆ ಆ ಭೇಟಿ ಮನಸ್ಸಿಗೆ ಹಿತವನ್ನುಂಟುಮಾಡಿತು. ಹಿಂದಿರುಗುವಾಗ ಮಾತ್ರ ಅದು ನಮ್ಮ ಊರಿನ ಕಡೆಗೇ ಬೆರಳು ತೋರಿಸಿದಂತಾಯಿತು. ಈ ಎರಡು ಅನುಭವಗಳಿಗೂ ಇರುವ ಸಂಬಂಧವನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ನಿಲ್ದಾಣದ ವಿಚಾರ. ಅರಸಾಳಿನ ಹಳೆಯ ಕಟ್ಟಡ ಗಾತ್ರದಲ್ಲಿ ಅಲ್ಪವಾದುದು. ಸರಣಿಯ ಕಲಾನಿರ್ದೇಶನವನ್ನು ನಿರ್ವಹಿಸಿದ್ದ ಜಾನ್ ದೇವರಾಜ್ ಅವರೇ ಇದನ್ನು ಸಂಗ್ರಹಾಲಯದ ರೂಪಕ್ಕೆ ತಂದವರು. ಸರಣಿಯ ನೆನಪನ್ನು ತರುವ ಚಿತ್ರಗಳೂ ಪ್ರತಿಮೆಗಳೂ ಇಲ್ಲಿವೆ. ಪಕ್ಕದಲ್ಲಿ ಹಳೆಯ ರೈಲುಗಾಡಿಯೊಂದನ್ನು ಚಹಾದಂಗಡಿಯಾಗಿ ಮಾರ್ಪಡಿಸಿದ್ದಾರೆ. ತಂದೆತಾಯಿಗಳು ಮಕ್ಕಳನ್ನು ಕರೆತಂದು, ತಾವು ಚಿಕ್ಕಂದಿನಲ್ಲಿ ನೋಡಿದ ಸ್ವಾಮಿಯ ಕಥೆಯನ್ನು ಅವರಿಗೆ ಹೇಳುತ್ತಾರೆ. ಎಲ್. ವೈದ್ಯನಾಥನ್ ಅವರು ಸಂಯೋಜಿಸಿದ ರಾಗವನ್ನು ಯಾರಾದರೊಬ್ಬರು ಗುನುಗದೆ ಇರುವುದಿಲ್ಲ. ಆರ್. ಕೆ. ಲಕ್ಷ್ಮಣರ ರೇಖೆಗಳನ್ನು ನೆನೆಯದೆ ಇರುವುದೂ ಇಲ್ಲ.

ಇದೆಲ್ಲವೂ ಸರಿಯೇ. ಆದರೆ ಒಂದು ಮಾತನ್ನು ಗಮನಿಸಬೇಕು. ಆ ಪ್ರತಿಮೆಗಳಿಗೆ ಜೀವ ಬರುವುದು ನೋಡುವವರ ನೆನಪಿನಿಂದ. ಸರಣಿಯನ್ನು ನೋಡಿದವರಿಗೆ ಅವು ಸಂಕೇತಗಳು. ನೋಡದವರಿಗೆ ಬರಿಯ ಬೊಂಬೆಗಳು. ಸರಣಿಯಲ್ಲಿ ಸ್ವಾಮಿಯು ಓಡುತ್ತಾನೆ, ಹೆದರುತ್ತಾನೆ, ಸುಳ್ಳು ಹೇಳಿ ಸಿಕ್ಕಿಬೀಳುತ್ತಾನೆ. ಚಲನೆಯೇ ಚಿತ್ರಕಲೆಯ ಪ್ರಾಣ. ಚಲನೆಯನ್ನು ಕಳೆದುಕೊಂಡ ಸ್ವಾಮಿಯು ಚಿತ್ರದ ಸ್ವಾಮಿಯಲ್ಲ. ಪುಸ್ತಕದ ಸ್ವಾಮಿಯಂತೂ ಅಲ್ಲವೇ ಅಲ್ಲ. ಆದುದರಿಂದ ಇಂಥ ಸಂಗ್ರಹಾಲಯವು ಕೃತಿಯನ್ನು ಕಾಪಾಡುತ್ತದೆ ಎನ್ನುವುದಕ್ಕಿಂತ, ಕೃತಿಯ ವಿಷಯದಲ್ಲಿ ಜನರಿಗಿರುವ ಪ್ರೀತಿಯನ್ನು ಕಾಪಾಡುತ್ತದೆ ಎನ್ನುವುದು ಹೆಚ್ಚು ನಿಜ. ಪ್ರೀತಿಯೂ ಕಾಪಾಡತಕ್ಕ ವಸ್ತುವೇ. ಆದರೆ ಆ ತಲೆಮಾರು ಕಳೆದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ.

ಅದಂತಿರಲಿ. ನಾರಾಯಣರ ಕೃತಿಗಳನ್ನು ಬಲ್ಲವರಿಗೆ, ಸಂಗ್ರಹಾಲಯವು ನಿಲ್ದಾಣದಲ್ಲಿಯೇ ನೆಲೆಗೊಂಡಿರುವುದು ಅತ್ಯಂತ ಉಚಿತವೆಂದು ತೋರದೆ ಇರದು. ಮಾಲ್ಗುಡಿಯು ತಮ್ಮ ಕಲ್ಪನೆಗೆ ಮೊದಲು ಹೊಳೆದದ್ದು ಒಂದು ಸಣ್ಣ ರೈಲು ನಿಲ್ದಾಣದೊಡನೆ ಎಂದು ನಾರಾಯಣರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ಊರು ಮೊದಲು ಕಾಣಿಸಿಕೊಂಡ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಪ್ರಕಟವಾದದ್ದು ೧೯೩೫ರಲ್ಲಿ. ಆ ಕಾದಂಬರಿ ಮುಗಿಯುವುದೂ ನಿಲ್ದಾಣದಲ್ಲಿ. ಮುನಿಸಿಕೊಂಡ ಗೆಳೆಯ ರಾಜಮನು ಊರು ಬಿಟ್ಟು ಹೋಗುತ್ತಿದ್ದಾನೆ, ಸ್ವಾಮಿಯು ಕಾಣಿಕೆಯಾಗಿ ಒಂದು ಪುಸ್ತಕವನ್ನು ತಂದಿದ್ದಾನೆ, ಗಾಡಿ ಹೊರಡುತ್ತದೆ, ಸ್ನೇಹ ಮತ್ತೆ ಕೂಡಿತೋ ಇಲ್ಲವೋ ಎಂಬುದು ಸ್ವಾಮಿಗೂ ತಿಳಿಯದು, ನಮಗೂ ತಿಳಿಯದು. ೧೯೫೮ರ ‘ದಿ ಗೈಡ್’ನಲ್ಲಿ ರಾಜುವಿನ ಬಾಳು ತಿರುಗುವುದು ಊರಿಗೆ ರೈಲು ಬಂದುದರಿಂದ, ಮತ್ತು ನಿಲ್ದಾಣದಲ್ಲಿ ಅವನ ತಂದೆಗೆ ದೊರೆತ ಅಂಗಡಿಯಿಂದ. ನಾರಾಯಣರ ಲೋಕದಲ್ಲಿ ನಿಲ್ದಾಣವೆಂದರೆ ಹೊರಗಿನ ಪ್ರಪಂಚವು ಚಿಕ್ಕ ಊರಿನೊಳಕ್ಕೆ ಇಳಿಯುವ ಬಾಗಿಲು. ಚಿಕ್ಕ ಊರಿನ ಮಮತೆಗಳು ಹೊರಗಿನ ಪ್ರಪಂಚದಲ್ಲಿ ಕರಗಿಹೋಗುವ ಬಾಗಿಲೂ ಅದೇ. ಈ ಅರ್ಥವನ್ನು ಸಂಗ್ರಹಾಲಯದ ನಿರ್ಮಾಪಕರು ಉದ್ದೇಶಿಸಿದ್ದರೋ ಇಲ್ಲವೋ, ಅರಸಾಳಿನ ಜಗಲಿಯ ಮೇಲೆ ನಿಂತು ಗಾಡಿಯೊಂದು ದೂರವಾಗುವುದನ್ನು ನೋಡಿದ ಓದುಗನಿಗೆ ಅದು ತಾನಾಗಿ ಹೊಳೆಯುತ್ತದೆ. ಸಂಗ್ರಹಾಲಯದ ಅತ್ಯುತ್ತಮ ವಸ್ತುವೆಂದರೆ ಅದರ ಮುಂದಣ ಹಳಿ ಎಂದರೆ ತಪ್ಪಾಗಲಾರದು.

೩

ಇನ್ನು ಚಿತ್ರಕ್ಕೂ ಕೃತಿಗೂ ಇರುವ ಸಂಬಂಧ. ಪುಸ್ತಕದ ಮಾಲ್ಗುಡಿಯು ಬಯಲುಸೀಮೆಯ ಗುಣವುಳ್ಳದ್ದು. ಬೇಸಗೆಯಲ್ಲಿ ಸರಯೂ ನದಿ ಸೊರಗುತ್ತದೆ. ಸಂಜೆ ಜನ ಅದರ ಮರಳಿನ ಮೇಲೆ ಕುಳಿತು ಹರಟುತ್ತಾರೆ. ಮಾರ್ಕೆಟ್ ರಸ್ತೆಯ ಧೂಳು, ಕಬೀರ್ ಬೀದಿಯ ಜಗಲಿಗಳು, ಲಾಲಿ ಬಡಾವಣೆಯ ಠೀವಿ, ಇವು ಅಲ್ಲಿನ ಚಹರೆ. ಶಂಕರನಾಗ್ ಅವರು ಈ ಊರನ್ನು ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ನಿಲ್ಲಿಸಿದರು. ವರ್ಷಕ್ಕೆ ಐದಾರು ನೂರು ಮಿಲಿಮೀಟರು ಮಳೆ ಕಾಣುವ ಬಳ್ಳಾರಿಯವರಾದ ನಮಗೆ ಈ ಅಂತರ ಚೆನ್ನಾಗಿ ಅರ್ಥವಾಗುತ್ತದೆ. ಹೆಂಚಿನ ಮಾಡು, ಮರದ ಕಂಬ, ಒದ್ದೆಯಾದ ಅಂಗಳ, ಹಸಿರು ಬೆಟ್ಟ: ಇದು ಮಲೆನಾಡು, ನಾರಾಯಣರ ಸರಯೂತೀರವಲ್ಲ. ಹೀಗಿದ್ದರೂ ಸರಣಿಯನ್ನು ನೋಡಿದವರು ‘ಇದು ಮಾಲ್ಗುಡಿಯಲ್ಲ’ ಎನ್ನಲಿಲ್ಲ. ಬದಲಾಗಿ ಮಾಲ್ಗುಡಿಯೆಂದರೆ ಆಗುಂಬೆಯೇ ಎಂಬಂತೆ ಮಾತನಾಡತೊಡಗಿದರು.

ಇದಕ್ಕೆ ಪ್ರತಿಯಾಗಿ ೧೯೬೫ರ ಹಿಂದಿ ಚಿತ್ರ ‘ಗೈಡ್’ ಅನ್ನು ನೋಡಬಹುದು. ವಿಜಯ್ ಆನಂದರ ಆ ಚಿತ್ರ ಹಿಂದಿ ಚಿತ್ರರಂಗದ ಮೇರುಕೃತಿಗಳಲ್ಲಿ ಒಂದೆಂದು ಹೆಸರಾಗಿದೆ. ನಾರಾಯಣರಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ತಮ್ಮ ಊರನ್ನು ರಾಜಸ್ಥಾನದ ಅರಮನೆಗಳ ನಡುವೆ ಕೊಂಡೊಯ್ದುದನ್ನು ಕುರಿತು ಅವರು ಒಂದು ಪ್ರಬಂಧದಲ್ಲಿ ವಿನೋದದಿಂದಲೂ ನೋವಿನಿಂದಲೂ ಬರೆದರು. ಎರಡು ಚಿತ್ರಕೃತಿಗಳೂ ಮಾಲ್ಗುಡಿಯನ್ನು ಅದರ ನೆಲದಿಂದ ಕಿತ್ತು ಬೇರೆಡೆ ನೆಟ್ಟುವು. ಒಂದು ಬೇರುಬಿಟ್ಟಿತು, ಇನ್ನೊಂದು ಬೇರೆ ಗಿಡವೇ ಆಯಿತು. ಕಾರಣವೇನು?

ನಮ್ಮ ಅಭಿಪ್ರಾಯದಲ್ಲಿ ಕಾರಣ ನೆಲದಲ್ಲಿಲ್ಲ, ಅಳತೆಯಲ್ಲಿದೆ. ಮಾಲ್ಗುಡಿಯ ಜೀವವಿರುವುದು ಅದರ ಸಣ್ಣತನದಲ್ಲಿ. ಅಲ್ಲಿ ಯಾವ ದುಃಖವೂ ಊರಿಗಿಂತ ದೊಡ್ಡದಾಗುವುದಿಲ್ಲ. ಯಾವ ಸುಖವೂ ಮನೆಯ ಹೊಸ್ತಿಲನ್ನು ಬಹುದೂರ ದಾಟುವುದಿಲ್ಲ. ಕಾದಂಬರಿಯ ರಾಜುವು ಉಪವಾಸದ ಕೊನೆಯಲ್ಲಿ ನೀರಿನಲ್ಲಿ ನಿಂತಾಗ, ಮಳೆ ಬಂದಿತೋ ಬರಲಿಲ್ಲವೋ ಎಂಬುದನ್ನು ಲೇಖಕರು ಹೇಳದೆ ಬಿಡುತ್ತಾರೆ. ಚಿತ್ರದಲ್ಲಿ ಮಳೆ ಸುರಿಯುತ್ತದೆ. ಸಂದೇಹವು ನಿಶ್ಚಯವಾದೊಡನೆ ಊರಿನ ಕಥೆ ಪುರಾಣವಾಗುತ್ತದೆ. ಪುರಾಣವೂ ಉತ್ತಮವಾದದ್ದೇ ಆದೀತು. ಆದರೆ ಅದು ನಾರಾಯಣರದಲ್ಲ. ಶಂಕರನಾಗ್ ಅವರಾದರೋ ಹವೆಯನ್ನು ಬದಲಾಯಿಸಿದರು, ಅಳತೆಯನ್ನು ಬದಲಾಯಿಸಲಿಲ್ಲ. ತಂದೆಯ ಗದರಿಕೆ, ಶಾಲೆಯ ಬೆತ್ತ, ಅಜ್ಜಿಯ ಮಗ್ಗುಲು, ಇವುಗಳಿಗೆ ಕೃತಿಯಲ್ಲಿ ಎಷ್ಟು ತೂಕವೋ ಸರಣಿಯಲ್ಲಿಯೂ ಅಷ್ಟೇ ತೂಕ.

ಮೂರನೆಯ ನಿದರ್ಶನ ನಮ್ಮ ಭಾಷೆಯದೇ. ೧೯೫೨ರ ‘ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್’ ಕಾದಂಬರಿಯನ್ನು ಟಿ. ಎಸ್. ನಾಗಾಭರಣರು ೧೯೮೩ರಲ್ಲಿ ‘ಬ್ಯಾಂಕರ್ ಮಾರ್ಗಯ್ಯ’ ಎಂಬ ಕನ್ನಡ ಚಿತ್ರವನ್ನಾಗಿ ಮಾಡಿದರು. ಬ್ಯಾಂಕಿನ ಮುಂದಣ ಆಲದ ಮರದ ಕೆಳಗೆ ತಗಡಿನ ಪೆಟ್ಟಿಗೆಯನ್ನಿಟ್ಟುಕೊಂಡು ಕುಳಿತ ಮಾರ್ಗಯ್ಯನಾಗಿ ಲೋಕೇಶರು ನಟಿಸಿದರು. ಇಲ್ಲಿ ಒಂದು ವಿಶೇಷವುಂಟು. ನಾರಾಯಣರ ಪಾತ್ರಗಳು ಪುಟದ ಮೇಲೆ ಇಂಗ್ಲಿಷನ್ನಾಡಿದರೂ, ಆ ಇಂಗ್ಲಿಷಿನ ಅಡಿಯಲ್ಲಿ ದಕ್ಷಿಣದೇಶದ ಮಾತಿನ ಓಟ ಕೇಳಿಸುತ್ತಲೇ ಇರುತ್ತದೆ. ಚಿತ್ರದಲ್ಲಿ ಮಾರ್ಗಯ್ಯನು ಕನ್ನಡದಲ್ಲಿ ಬಾಯಿಬಿಟ್ಟಾಗ, ಅನುವಾದವಾದಂತೆ ತೋರದೆ, ಮೂಲಕ್ಕೆ ಮರಳಿದಂತೆ ತೋರುತ್ತದೆ. ಮಾಲ್ಗುಡಿಯ ಚಿತ್ರರೂಪಗಳನ್ನು ವಿಚಾರಿಸುವವರು ಈ ಚಿತ್ರವನ್ನು ಮರೆಯಬಾರದು.

೪

ಅರಸಾಳು ಚಿತ್ರದ ಸ್ಮಾರಕವಾದರೆ, ಮೈಸೂರಿನ ಯಾದವಗಿರಿಯಲ್ಲಿರುವ ಮನೆ ಲೇಖಕನ ಸ್ಮಾರಕ. ೧೯೫೦ರ ದಶಕದಲ್ಲಿ ನಾರಾಯಣರು ಕಟ್ಟಿಸಿಕೊಂಡ ಈ ಎರಡಂತಸ್ತಿನ ಮನೆ ೨೦೧೧ರಲ್ಲಿ ಕೆಡವಲ್ಪಡುವುದರಲ್ಲಿತ್ತು. ಸಾರ್ವಜನಿಕರ ಒತ್ತಾಯದಿಂದ ಕೆಲಸ ನಿಂತಿತು; ಸರಕಾರವು ಅದನ್ನು ಉಳಿಸಿಕೊಂಡು ದುರಸ್ತಿ ಮಾಡಿಸಿ, ೨೦೧೬ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಅವರ ಉಡುಪು, ಕನ್ನಡಕ, ಪದಕಗಳು, ಪುಸ್ತಕಗಳು ಅಲ್ಲಿವೆ. ಸುತ್ತಲೂ ಕಿಟಕಿಗಳುಳ್ಳ ಮಹಡಿಯ ಕೋಣೆಯಲ್ಲಿ ನಿಂತಾಗ, ಬರೆಯುವವನಿಗೆ ಏಕಾಂತದಷ್ಟೇ ಬೆಳಕೂ ಬೇಕೆಂಬುದು ಮನದಟ್ಟಾಗುತ್ತದೆ.

ಈ ಮನೆಯ ವಿಷಯದಲ್ಲಿ ಆಗ ಒಂದು ಆಕ್ಷೇಪಣೆ ಹುಟ್ಟಿತ್ತು. ಇಂಗ್ಲಿಷಿನಲ್ಲಿ ಬರೆದ, ಕನ್ನಡಕ್ಕೆ ನೇರವಾಗಿ ಏನನ್ನೂ ಕೊಡದ ಲೇಖಕನಿಗಾಗಿ ಕನ್ನಡಿಗರ ತೆರಿಗೆಯ ಹಣವನ್ನು ವೆಚ್ಚಮಾಡುವುದೇಕೆ, ಅದೇ ಊರಿನಲ್ಲಿ ಬಾಳಿದ ಕನ್ನಡ ಕವಿಗಳ ಮನೆಗಳಿಗೆ ಇಲ್ಲದ ಕಾಳಜಿ ಇಲ್ಲಿಗೇಕೆ, ಎಂದು ಕೆಲವು ಕನ್ನಡ ಲೇಖಕರು ಕೇಳಿದರು. ಈ ಪ್ರಶ್ನೆಯನ್ನು ಸಂಕುಚಿತಬುದ್ಧಿಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅದರ ಎರಡನೆಯ ಭಾಗದಲ್ಲಿ ಸತ್ಯಾಂಶವಿದೆ. ಹೊರಗಿನವರು ಮೆಚ್ಚಿದುದನ್ನು ಮಾತ್ರ ನಾವು ಮೆಚ್ಚುವ ಅಭ್ಯಾಸ ನಮ್ಮಲ್ಲಿ ಇಲ್ಲವೆನ್ನಲಾಗದು.

ಆದರೆ ಮೊದಲನೆಯ ಭಾಗವನ್ನು ಒಪ್ಪುವುದಕ್ಕೆ ಮುಂಚೆ ಅದು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದನ್ನು ಯೋಚಿಸಬೇಕು. ಒಂದು ನಾಡಿನ ಸಾಂಸ್ಕೃತಿಕ ಆಸ್ತಿಯನ್ನು ಅದರ ಭಾಷೆಯೊಂದರಿಂದಲೇ ಅಳೆಯುವುದಾದರೆ, ಮೈಸೂರಿನಲ್ಲಿ ಕುಳಿತವರು ಒಬ್ಬ ಕಾದಂಬರಿಕಾರನನ್ನು ಮಾತ್ರ ಕಳೆದುಕೊಂಡಾರು. ಬಳ್ಳಾರಿಯಂಥ ಗಡಿಯೂರಿನವರಾದ ನಾವು ಕಳೆದುಕೊಳ್ಳುವುದು ಅದಕ್ಕಿಂತ ಬಹಳ ಹೆಚ್ಚು. ಅದನ್ನು ಈಗ ನೋಡೋಣ.

೫

ಬಳ್ಳಾರಿ ರಾಘವರ ಹೆಸರನ್ನು ಕೇಳದವರು ನಮ್ಮ ಊರಿನಲ್ಲಿಲ್ಲ. ತಾಡಿಪತ್ರಿಯಲ್ಲಿ ೧೮೮೦ರಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ವಕೀಲರಾಗಿ ಬಾಳಿ, ೧೯೪೬ರಲ್ಲಿ ತೀರಿಕೊಂಡ ಈ ನಟರು ದಕ್ಷಿಣಭಾರತದ ಆಧುನಿಕ ರಂಗಭೂಮಿಯ ಪ್ರವರ್ತಕರಲ್ಲಿ ಒಬ್ಬರು. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ‘ಸರಸ ವಿನೋದಿನೀ ಸಭೆ’ಯನ್ನು ನಡೆಸಿದವರು, ಕೋಲಾಚಲಂ ಶ್ರೀನಿವಾಸರಾಯರು ‘ಸುಮನೋರಮ ಸಭೆ’ಯ ಕೇಂದ್ರವ್ಯಕ್ತಿ. ಈ ಇಬ್ಬರು ನಾಟಕಕಾರರೂ ವಕೀಲರು, ಇಬ್ಬರೂ ಬಳ್ಳಾರಿಯವರು, ಇಬ್ಬರ ಮುಖ್ಯ ಕೃತಿಗಳೂ ತೆಲುಗಿನವು. ವಿಜಯನಗರದ ಪತನವನ್ನು ಕುರಿತ ಕೋಲಾಚಲಂ ಅವರ ನಾಟಕದಲ್ಲಿ ಪಠಾಣ ರುಸ್ತುಮನ ಪಾತ್ರವು ರಾಘವರಿಗೆ ದೊಡ್ಡ ಕೀರ್ತಿಯನ್ನು ತಂದಿತು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ವಾದಿಸಿ, ಆ ಕಾಲದ ನಿಂದೆಗಳನ್ನು ಲೆಕ್ಕಿಸದೆ ಅದನ್ನು ರಂಗದ ಮೇಲೆ ನಡೆಸಿ ತೋರಿಸಿದವರು ಅವರು.

೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೆ ಮುಂಚೆ ಬಳ್ಳಾರಿ ತಾಲ್ಲೂಕು ಯಾರಿಗೆ ಸೇರಬೇಕೆಂಬ ವಿವಾದವನ್ನು ನ್ಯಾಯಮೂರ್ತಿ ಎಲ್. ಎಸ್. ಮಿಶ್ರರ ಆಯೋಗ ವಿಚಾರಣೆ ಮಾಡಬೇಕಾಯಿತು. ನೆಲದ ವ್ಯಾಜ್ಯ ಹಾಗೆ ತೀರ್ಮಾನವಾಯಿತು. ಕಲೆಯ ವ್ಯಾಜ್ಯ ಮಾತ್ರ ತೀರ್ಮಾನವಾಗದೆ, ಬಹುಮಟ್ಟಿಗೆ ಕೇಳುವವರಿಲ್ಲದೆ ನಿಂತುಹೋಯಿತು. ರಾಘವರು ತೆಲುಗರ ರಂಗಭೂಮಿಯ ಇತಿಹಾಸದಲ್ಲಿ ಒಂದು ಅಧ್ಯಾಯ. ಕನ್ನಡ ರಂಗಭೂಮಿಯ ಇತಿಹಾಸಗಳಲ್ಲಿ ಹೆಚ್ಚೆಂದರೆ ಒಂದು ಪುಟ. ಅವರ ಪ್ರೇಕ್ಷಕರಲ್ಲಿ ಎರಡು ಭಾಷೆಗಳವರೂ ಒಂದೇ ಚಾಪೆಯ ಮೇಲೆ ಕುಳಿತಿದ್ದರೆಂಬುದನ್ನು ಎರಡು ಇತಿಹಾಸಗಳೂ ಮರೆಯುತ್ತವೆ. ಬಳ್ಳಾರಿ ತಾಲ್ಲೂಕಿನ ಜೋಳದರಾಶಿ ದೊಡ್ಡನಗೌಡರು ಕನ್ನಡದ ಗಮಕಿಗಳೂ ನಟರೂ ಆಗಿ ರಾಘವರ ಪ್ರಭಾವದಲ್ಲಿ ಬೆಳೆದವರೆಂಬುದನ್ನು ನೆನೆದರೆ, ಈ ಕಲೆ ಭಾಷೆಯ ಗಡಿಯನ್ನು ಎಷ್ಟು ಸಲೀಸಾಗಿ ದಾಟುತ್ತಿತ್ತೆಂಬುದು ಗೊತ್ತಾಗುತ್ತದೆ.

ಈಗ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟ ಮಾತು. ರಾಘವರು ಚಿತ್ರಗಳಲ್ಲಿಯೂ ನಟಿಸಿದರು. ೧೯೩೬ರ ‘ದ್ರೌಪದೀ ಮಾನಸಂರಕ್ಷಣಂ’ ಚಿತ್ರದಲ್ಲಿ ಅವರು ದುರ್ಯೋಧನ. ಗೂಡವಲ್ಲಿ ರಾಮಬ್ರಹ್ಮಂ ಅವರ ೧೯೩೯ರ ‘ರೈತುಬಿಡ್ಡ’ ಜಮೀನ್ದಾರಿ ಪದ್ಧತಿಯ ಅನ್ಯಾಯವನ್ನು ಎತ್ತಿ ತೋರಿಸಿದ ಚಿತ್ರ. ಜಮೀನ್ದಾರರು ಅದನ್ನು ವಿರೋಧಿಸಿದರು, ಕೆಲವೆಡೆ ಅದಕ್ಕೆ ನಿಷೇಧವೂ ಬಂತು. ಅದರಲ್ಲಿ ರಾಘವರು ರೈತನಾಗಿ ಕಾಣಿಸಿಕೊಂಡರು. ಮೊದಲ ಚಿತ್ರ ಬಂದಾಗ ಅವರಿಗೆ ೫೬ ವರ್ಷ. ರಂಗದ ಮೇಲಣ ಕೀರ್ತಿಯೆಲ್ಲ ಅದಕ್ಕೆ ಹಿಂದಿನದು. ಎಂದರೆ, ನಟನೊಬ್ಬನ ಕಲೆಯನ್ನು ಹಿಡಿದಿಡಬಲ್ಲ ಯಂತ್ರವು ರಾಘವರ ಬಳಿಗೆ ಬಂದದ್ದು ಅವರ ಮಧ್ಯಾಹ್ನ ಕಳೆದ ಮೇಲೆ. ಚಪ್ಪರದ ಕೊನೆಯ ಸಾಲಿನವನಿಗೂ ಕೇಳಿಸಬೇಕಾದ ಧ್ವನಿಗೂ, ಕ್ಯಾಮರಾದ ಎದುರಿನ ಧ್ವನಿಗೂ ಧರ್ಮವೇ ಬೇರೆ. ಆದುದರಿಂದ ಆ ಚಿತ್ರಗಳಿಂದ ರಾಘವರ ರುಸ್ತುಮನನ್ನಾಗಲಿ ಷೈಲಾಕನನ್ನಾಗಲಿ ಊಹಿಸಹೊರಡುವುದು, ಅರಸಾಳಿನ ಪ್ರತಿಮೆಯಿಂದ ಸ್ವಾಮಿಯ ಓಟವನ್ನು ಊಹಿಸಿದಂತೆ.

ಹಾಗಾದರೆ ಬಳ್ಳಾರಿಯಲ್ಲಿ ಅವರ ಸ್ಮಾರಕವೆಲ್ಲಿ? ರಾಘವ ಕಲಾಮಂದಿರವಿದೆ. ಅದು ಸಂಗ್ರಹಾಲಯವಲ್ಲ, ನಾಟಕ, ಸಂಗೀತ, ಸಭೆಗಳು ನಡೆಯುವ ರಂಗಮಂದಿರ. ೧೯೮೧ರಲ್ಲಿ ಅವರ ಹೆಸರಿನ ಅಂಚೆಚೀಟಿಯೂ ಬಂದಿತು. ನಟನಿಗೆ ರಂಗಮಂದಿರಕ್ಕಿಂತ ಯೋಗ್ಯವಾದ ಸ್ಮಾರಕವಿಲ್ಲವೆಂದು ಹೇಳಬಹುದು. ನಾವೂ ಹಾಗೆಯೇ ನಂಬಿದ್ದೆವು. ಆದರೆ ರಂಗಮಂದಿರವು ಹೆಸರನ್ನು ಕಾಪಾಡುತ್ತದೆ, ಕಲೆಯ ವಿವರಗಳನ್ನಲ್ಲ. ಬಳ್ಳಾರಿಯಲ್ಲಿ ಸಂಗನಕಲ್ಲಿನ ನವಶಿಲಾಯುಗದ ಕೊಡಲಿಗಳಿಗಾಗಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ಒಳ್ಳೆಯ ಸಂಗ್ರಹಾಲಯವುಂಟು. ಸಾವಿರಾರು ವರ್ಷಗಳ ಹಿಂದಣ ಕಲ್ಲನ್ನು ಹೆಕ್ಕಿ, ತೊಳೆದು, ಗುರುತುಪಟ್ಟಿ ಕಟ್ಟಿ ಇಟ್ಟಿರುವ ಊರಿನಲ್ಲಿ ನೂರು ವರ್ಷಗಳ ಹಿಂದಣ ನಾಟಕದ ಕರಪತ್ರವನ್ನು ನೋಡಬೇಕಾದರೆ ಮನೆಮನೆ ಅಲೆಯಬೇಕು. ಕಲ್ಲು ಕಾಯುತ್ತದೆ; ಕಾಗದ ಕಾಯುವುದಿಲ್ಲ.

೬

ಈ ಯೋಚನೆಯಿಂದಲೇ ನಾವು ಕೆಲವು ವಾರಗಳ ಕಾಲ ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳಲ್ಲಿ ಸುತ್ತಿದೆವು. ಸಿರುಗುಪ್ಪ ತುಂಗಭದ್ರೆಯ ನೀರಿನಿಂದ ಬತ್ತ ಬೆಳೆಯುವ ಸೀಮೆ. ಕುರುಗೋಡು ಹಿಂದೆ ಸಿಂದರ ರಾಜಧಾನಿ, ದೊಡ್ಡಬಸವೇಶ್ವರನ ಏಕಶಿಲಾ ನಂದಿಯಿಂದ ಹೆಸರಾದ ಊರು. ಎರಡು ಕಡೆಯೂ ಸುಗ್ಗಿ ಮುಗಿದ ಮೇಲೆ ಬಯಲಾಟ, ಸಾಮಾಜಿಕ ನಾಟಕಗಳ ಕಾಲ ಬರುತ್ತದೆ. ನಗರದ ರಂಗಭೂಮಿಗೆ ನಟರನ್ನೂ ಪ್ರೇಕ್ಷಕರನ್ನೂ ಒದಗಿಸಿದ ನೆಲ ಇದು.

ಸಿರುಗುಪ್ಪದ ಒಂದು ಮನೆಯಲ್ಲಿ ಹಳೆಯ ಕರಪತ್ರಗಳ ಕಟ್ಟೊಂದು ದೊರೆಯಿತು. ಗೆದ್ದಲು ಅರ್ಧವನ್ನು ತಿಂದಿತ್ತು. ಉಳಿದುದರಲ್ಲಿ ಒಂದು ಹಾಳೆಯನ್ನು ನಾವು ಬಹಳ ಹೊತ್ತು ನೋಡಿದೆವು. ಪುರುಷ ಪಾತ್ರಧಾರಿಗಳ ಹೆಸರುಗಳೆಲ್ಲ ಮನೆತನದೊಡನೆ ಅಚ್ಚಾಗಿವೆ. ಸ್ತ್ರೀಪಾತ್ರಗಳ ಎದುರಿಗೆ ಮಾತ್ರ ‘ಬಳ್ಳಾರಿಯ ಕಲಾವಿದೆಯರು’ ಎಂದಷ್ಟೇ ಇದೆ. ಸ್ತ್ರೀಯರು ರಂಗವನ್ನೇರಬೇಕೆಂದು ರಾಘವರು ಹೂಡಿದ ವಾದ ಗೆದ್ದಿತು. ಆ ಗೆಲುವು ಕರಪತ್ರದವರೆಗೆ ಎಲ್ಲ ಕಡೆಯೂ ಮುಟ್ಟಲಿಲ್ಲ. ಯಾವ ಇತಿಹಾಸದ ಪುಸ್ತಕವೂ ಹೇಳದ ಈ ವಿಷಯವನ್ನು ಆ ಒಂದು ಹಾಳೆ ಹೇಳುತ್ತದೆ. ಸಂಗ್ರಹಾಲಯವು ಕಾಪಾಡಬೇಕಾದದ್ದು ಇಂಥದನ್ನು.

ಕುರುಗೋಡು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮಗೆ ಬೇರೊಂದು ಪಾಠವಾಯಿತು. ಅಲ್ಲಿನ ದೊಡ್ಡಾಟದ ಮೇಷ್ಟ್ರೊಬ್ಬರಲ್ಲಿ ಅವರ ತಂದೆಯ ಕೈಬರಹದ ಪ್ರಸಂಗದ ಪುಸ್ತಕವಿತ್ತು. ಅಂಚಿನಲ್ಲಿ ರಾಗದ ಗುರುತುಗಳು. ಹೊಡೆದುಹಾಕಿದ ಪದ್ಯಗಳ ಪಕ್ಕದಲ್ಲಿ ಹೊಸ ಪದ್ಯಗಳು. ಪಾತ್ರಧಾರಿ ಬದಲಾದಾಗಲೆಲ್ಲ ಬದಲಾದ ಮಾತುಗಳು. ಅದನ್ನು ವಿಶ್ವವಿದ್ಯಾನಿಲಯಕ್ಕೆ ಕೊಡುವಿರಾ ಎಂದು ಕೇಳಿದೆವು. ಅವರು ಕೊಡಲಿಲ್ಲ. ಬರುವ ಸುಗ್ಗಿಗೆ ಆಟವಿದೆ, ಪುಸ್ತಕ ಕೊಟ್ಟರೆ ಹುಡುಗರಿಗೆ ಏನನ್ನು ಕಲಿಸಲಿ ಎಂದರು. ನಾವು ಅದನ್ನು ‘ಹಸ್ತಪ್ರತಿ’ ಎನ್ನುತ್ತಿದ್ದೆವು; ಅವರಿಗೆ ಅದು ಉಪಕರಣ. ರೈತನ ಮನೆಗೆ ಹೋಗಿ ನೇಗಿಲನ್ನು ಗಾಜಿನ ಪೆಟ್ಟಿಗೆಗೆ ಕೇಳಿದಂತಾಗಿತ್ತು ನಮ್ಮ ಕೋರಿಕೆ. ನಾಚಿಕೆಯಾಯಿತೆಂದು ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ. ಕೊನೆಗೆ ಅವರ ಜಗಲಿಯಲ್ಲಿಯೇ ಕುಳಿತು ಪ್ರತಿಯೊಂದು ಪುಟದ ಛಾಯಾಚಿತ್ರವನ್ನು ತೆಗೆದುಕೊಂಡೆವು. ಪುಸ್ತಕ ಅಲ್ಲಿಯೇ ಉಳಿಯಿತು.

ತೊಗಲುಗೊಂಬೆಯ ನಿದರ್ಶನವೂ ಇದನ್ನೇ ಹೇಳುತ್ತದೆ. ಬಳ್ಳಾರಿ ಸೀಮೆಯ ಆ ಕಲೆಯನ್ನು ದೇಶವಿದೇಶಗಳಿಗೆ ಪರಿಚಯಿಸಿದ ಬೆಳಗಲ್ಲು ವೀರಣ್ಣನವರು ೨೦೨೩ರಲ್ಲಿ ತೀರಿಕೊಂಡರು. ತೊಗಲುಗೊಂಬೆಯನ್ನು ಗೋಡೆಗೆ ತೂಗುಹಾಕಿದರೆ ಅದು ಬಣ್ಣ ಬಳಿದ ಚರ್ಮ. ಹಿಂದಿನಿಂದ ದೀಪ, ಮುಂದೆ ತೆಳುಪರದೆ, ನಡುವೆ ಆಡಿಸುವ ಕೈ, ಹಾಡುವ ಕಂಠ, ಇಷ್ಟು ಕೂಡಿದಾಗ ಮಾತ್ರ ಅದು ರಾವಣ. ಚಲಚ್ಚಿತ್ರ ಬರುವುದಕ್ಕೆ ಬಹಳ ಮುಂಚೆ ನಮ್ಮ ಹಳ್ಳಿಗಳು ಪರದೆಯ ಮೇಲಣ ಬೆಳಕಿನ ಕಥೆಯನ್ನು ಬಲ್ಲವಾಗಿದ್ದುವು. ಗೊಂಬೆಯನ್ನು ಇರಿಸುವವರು ಕಡೆಯಪಕ್ಷ ಅದರ ಹಿಂದೆ ಒಂದು ದೀಪವನ್ನಾದರೂ ಇಡಬೇಕು.

೭

ಇಷ್ಟರಿಂದ ಹೊರಡುವ ನಿರ್ಣಯವನ್ನು ಸಂಗ್ರಹಿಸಿ ಹೇಳಬಹುದು. ಚಿತ್ರ, ನಾಟಕ, ಬಯಲಾಟಗಳಂಥ ಕಲೆಗಳಿಗೆ ವಸ್ತುಸಂಗ್ರಹಾಲಯವು ಕೃತಿಯ ಬದಲಾಗಿ ನಿಲ್ಲಲಾರದು. ಕೃತಿಯ ಕಡೆಗೆ ದಾರಿಯನ್ನು ಮಾತ್ರ ತೋರಿಸಬಲ್ಲದು. ಅರಸಾಳು ನಮಗೆ ಆ ದಾರಿಯನ್ನು ತೋರಿಸಿತು: ಅಲ್ಲಿಂದ ಬಂದ ಮೇಲೆ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ನಾರಾಯಣರ ಪುಸ್ತಕಗಳನ್ನು ಹುಡುಕಿ ಓದಿದರು. ಅಷ್ಟಾದರೆ ಆ ಪುಟ್ಟ ಕಟ್ಟಡ ಸಾರ್ಥಕ. ಮಾಲ್ಗುಡಿಯ ಅದೃಷ್ಟವೆಂದರೆ, ಪ್ರತಿಮೆಗಳು ಮಸುಕಾದರೂ ಪುಸ್ತಕಗಳು ಅಚ್ಚಿನಲ್ಲಿವೆ, ಸರಣಿಯೂ ನೋಡುವುದಕ್ಕೆ ದೊರೆಯುತ್ತದೆ. ಕಲ್ಪಿತವಾದ ಊರು ಹೀಗೆ ಸುರಕ್ಷಿತವಾಗಿದೆ.

ನಿಜವಾಗಿ ಇದ್ದ ಊರಿಗೆ ಆ ಅದೃಷ್ಟವಿಲ್ಲ. ಬಳ್ಳಾರಿಯ ರಂಗಭೂಮಿ ಎರಡು ಭಾಷೆಗಳ ನಡುವೆ ನಿಂತದ್ದರಿಂದ ಇಬ್ಬರು ಮಕ್ಕಳ ತಾಯಿಯಂತೆ ಇಬ್ಬರಿಂದಲೂ ಉಪೇಕ್ಷಿತವಾಗಿದೆ. ಯಾದವಗಿರಿಯ ಮನೆಯನ್ನು ಕುರಿತು ‘ಅವರು ಕನ್ನಡದವರೇ’ ಎಂದು ಕೇಳಿದ ಪ್ರಶ್ನೆಯನ್ನು ರಾಘವರ ವಿಷಯದಲ್ಲಿಯೂ ಕೇಳುತ್ತ ಕುಳಿತರೆ, ಉತ್ತರ ಸಿಗುವುದರೊಳಗೆ ಗೆದ್ದಲು ತನ್ನ ಕೆಲಸವನ್ನು ಮುಗಿಸಿರುತ್ತದೆ. ಕಲೆ ಯಾವ ನೆಲದಲ್ಲಿ ಬೆಳೆಯಿತೋ ಆ ನೆಲದವರು ಅದಕ್ಕೆ ಹೊಣೆ. ಭಾಷೆಯ ಪ್ರಶ್ನೆಯನ್ನು ಅನಂತರ ವಿದ್ವಾಂಸರು ವಿಚಾರಿಸಬಹುದು. ವಿಚಾರಿಸುವುದಕ್ಕೆ ಸಾಮಗ್ರಿ ಉಳಿದಿರಬೇಕಷ್ಟೆ.

ದೊಡ್ಡ ಕಟ್ಟಡವನ್ನು ನಾವು ಬೇಡುತ್ತಿಲ್ಲ. ಈ ಮೂರು ತಾಲ್ಲೂಕುಗಳ ಕಾಲೇಜುಗಳಲ್ಲಿ ಕನ್ನಡವನ್ನೂ ತೆಲುಗನ್ನೂ ಓದುವ ವಿದ್ಯಾರ್ಥಿಗಳಿದ್ದಾರೆ. ಒಬ್ಬೊಬ್ಬರು ತಮ್ಮ ಊರಿನ ಒಂದೊಂದು ಕರಪತ್ರವನ್ನು, ಒಂದೊಂದು ಪ್ರಸಂಗದ ಪುಸ್ತಕವನ್ನು, ಒಬ್ಬೊಬ್ಬ ವೃದ್ಧ ಕಲಾವಿದರ ನೆನಪನ್ನು ಪ್ರತಿ ಮಾಡಿಕೊಂಡರೆ, ಮೂಲವನ್ನು ಇದ್ದಲ್ಲಿಯೇ ಬಿಟ್ಟು ಪ್ರತಿಯನ್ನು ತಂದರೆ, ಕೆಲವೇ ವರ್ಷಗಳಲ್ಲಿ ಒಂದು ಸಂಗ್ರಹವಾಗುತ್ತದೆ. ಕುರುಗೋಡಿನ ಮೇಷ್ಟ್ರ ಪುಸ್ತಕದ ಪುಟಗಳಿಂದ ಅದು ಆರಂಭವಾಗಿದೆ. ಕರಪತ್ರದಲ್ಲಿ ಹೆಸರಿಲ್ಲದ ಆ ಕಲಾವಿದೆಯರ ಹೆಸರುಗಳನ್ನು ಬಲ್ಲ ಹಿರಿಯರು ಸಿರುಗುಪ್ಪದಲ್ಲಿ ಇನ್ನೂ ಇರಬಹುದು. ಅವರನ್ನು ಕೇಳುವುದು ಈ ವರ್ಷದ ಕೆಲಸ.